ಹುಳಿ ಮೊಸರಿನ ಐರಿಷ್ ಸೋಡಾ ಬ್ರೆಡ್ಡು, ಈಸ್ಟ್ ಇಲ್ಲದೆ ಮನೆಯಲ್ಲೇ

ಗೋಳಿಬಜೆ ಮಾಡಿ ಗೊತ್ತಿರುವವರಿಗೆ ಐರಿಷ್ ಸೋಡಾ ಬ್ರೆಡ್ಡಿನ ಅರ್ಧ ವಿದ್ಯೆ ಈಗಾಗಲೇ ಕೈಯಲ್ಲಿದೆ. ಮೈದಾ, ಹುಳಿ ಮೊಸರು, ಉಪ್ಪು, ಅಡುಗೆ ಸೋಡಾ, ಸಾಮಾನು ಇಷ್ಟೇ. ಉಳಿದರ್ಧ ಮಾತ್ರ ನಮ್ಮ ಅಡುಗೆಮನೆಯ ರೂಢಿಗೆ ತಿರುಗಿ ನಿಂತದ್ದು. ಗೋಳಿಬಜೆಯ ಹಿಟ್ಟನ್ನು ಕಲಸಿ ಒಂದೆರಡು ಗಂಟೆ ಮುಚ್ಚಿಡುತ್ತೇವೆ. ಬನ್ಸ್ ಹಿಟ್ಟನ್ನು ರಾತ್ರಿ ನಾದಿಟ್ಟು ಬೆಳಿಗ್ಗೆ ಲಟ್ಟಿಸುತ್ತೇವೆ. ದೋಸೆ, ಇಡ್ಲಿಗಳ ಮಾತು ಹೇಳುವುದೇ ಬೇಡ. ಹಿಟ್ಟಿಗೆ ಸಮಯ ಕೊಟ್ಟಷ್ಟೂ ಒಳ್ಳೆಯದು ಎಂಬುದು ನಾವು ಅಮ್ಮಂದಿರಿಂದ ಕಲಿತ ಪಾಠ. ಈ ಬ್ರೆಡ್ಡು ಆ ಪಾಠವನ್ನು ಒಪ್ಪುವುದಿಲ್ಲ. ಹಿಟ್ಟಿಗೆ ಮೊಸರು ಬಿದ್ದ ಗಳಿಗೆಯಿಂದ ಐದು ನಿಮಿಷದೊಳಗೆ ಅದು ಬಿಸಿ ಕಾಣಬೇಕು. ನಾದಬಾರದು, ಮುಚ್ಚಿಟ್ಟು ಕಾಯಬಾರದು. ಈ ಎರಡು ಮಾತು ಕೈಗೆ ಹತ್ತಿದರೆ ಬ್ರೆಡ್ಡು ಬಂದ ಹಾಗೆಯೇ.

ಬದಿಯಡ್ಕದ ಹತ್ತಿರದ ನಮ್ಮ ತೋಟದ ಮನೆಗೆ ಇದು ಬಂದದ್ದು ಅಕ್ಕನ ಮಗಳಿಂದ. ಅವಳು ಐರ್ಲೆಂಡಿನ ಕಾರ್ಕ್ ನಗರದಲ್ಲಿ ನರ್ಸ್. ಕೇರಳದಿಂದ ಆ ದೇಶಕ್ಕೆ ಹೋದ ನರ್ಸ್‌ಗಳು ಬಹಳ ಮಂದಿ ಇದ್ದಾರೆ, ಕಾಸರಗೋಡಿನ ನಮ್ಮ ಕಡೆಯ ಮಕ್ಕಳೂ ಇದ್ದಾರೆ. ರಜೆಯಲ್ಲಿ ಬಂದಿದ್ದಾಗ ಒಂದು ಸಂಜೆ ಅಡುಗೆಮನೆಗೆ ಬಂದು, “ಚಿಕ್ಕಮ್ಮ, ನೀರು ಹಾಕದ ಮಜ್ಜಿಗೆ ಇದೆಯಾ?” ಎಂದು ಕೇಳಿದಳು. ಒಂದು ಗಂಟೆ ಕಳೆಯುವಷ್ಟರಲ್ಲಿ ಮೇಲೆ ಕೊಯ್ತದ ಗುರುತಿದ್ದ, ಕಂದು ಬಣ್ಣದ, ಒರಟು ಸಿಪ್ಪೆಯ ಒಂದು ಬ್ರೆಡ್ಡು ಮೇಜಿನ ಮೇಲಿತ್ತು. ಬೇಕರಿಯ ಬ್ರೆಡ್ಡಿನಂತೆ ಹತ್ತಿಯ ಮೃದು ಇದಕ್ಕಿಲ್ಲ. ಒಳಗೆ ತುಸು ತೇವ, ತುಸು ಹುಳಿ, ಮುರಿದರೆ ಕಡುಬಿನಂತೆ ಬಿಡಿಬಿಡಿಯಾಗುವ ತಿರುಳು. ಬೆಣ್ಣೆ ಹಚ್ಚಿ ತಿಂದಾಗ, ಇದು ಪೇಟೆಯ ತಿಂಡಿಯಲ್ಲ, ಹಟ್ಟಿಯಲ್ಲಿ ಹಸುವಿರುವ ಮನೆಯ ತಿಂಡಿ ಎಂದು ನನಗೆ ತಕ್ಷಣ ಹೊಳೆಯಿತು.

ಅವಳು ಮರಳಿ ಹೋದ ಮೇಲೆ ನಾನೊಬ್ಬಳೇ ಮಾಡಿದ ಮೊದಲ ಬ್ರೆಡ್ಡು ಕೆಟ್ಟಿತು. ತುಲಾ ತಿಂಗಳ ಒಂದು ಮಧ್ಯಾಹ್ನ. ಹಿಟ್ಟು ಕಲಸಿ ಉಂಡೆ ಮಾಡುವಷ್ಟರಲ್ಲಿ ಮೂಡುಗಡೆ ಗುಡುಗಿತು. ಅಂಗಳದಲ್ಲಿ ಅಡಿಕೆ ಹರಡಿತ್ತು. ಅದನ್ನೆಲ್ಲ ಒಟ್ಟುಮಾಡಿ, ಟರ್ಪಾಲು ಮುಚ್ಚಿ ಒಳಗೆ ಬರುವಾಗ ಮುಕ್ಕಾಲು ಗಂಟೆ ಕಳೆದಿತ್ತು. ಹಿಟ್ಟು ನೋಡಲು ಚೆನ್ನಾಗಿಯೇ ಇತ್ತು, ಸ್ವಲ್ಪ ಉಬ್ಬಿದಂತೆಯೂ ಕಂಡಿತು. ಬೇಯಿಸಿ ಕೊಯ್ದರೆ ಮೇಲೆ ಕಲ್ಲಿನಂಥ ಸಿಪ್ಪೆ, ಅಡಿಯಲ್ಲಿ ಒಂದು ಬೆರಳು ದಪ್ಪದ ಹಸಿಹಿಟ್ಟಿನ ಪಟ್ಟಿ. ಅಳತೆ ಸರಿಯಿತ್ತು, ಒಲೆ ಸರಿಯಿತ್ತು. ತಪ್ಪಿದ್ದು ಆ ಮುಕ್ಕಾಲು ಗಂಟೆ.

ಸೋಡಾ ಒಳಗೆ ಏನು ಮಾಡುತ್ತದೆ

ಅಡುಗೆ ಸೋಡಾ ಎಂದರೆ ಸೋಡಿಯಂ ಬೈಕಾರ್ಬೊನೇಟ್. ಮೊಸರಿನ ಹುಳಿ ಲ್ಯಾಕ್ಟಿಕ್ ಆಮ್ಲದ್ದು. ಎರಡೂ ತೇವದಲ್ಲಿ ಸೇರಿದೊಡನೆ ಇಂಗಾಲದ ಡೈಆಕ್ಸೈಡ್ ಅನಿಲ ಹೊರಡುತ್ತದೆ. ಅದೇ ಹಿಟ್ಟನ್ನು ಉಬ್ಬಿಸುವುದು. ಈಸ್ಟ್ ಜೀವಾಣು. ಅದು ಹಿಟ್ಟಿನ ಸಕ್ಕರೆಯನ್ನು ತಿಂದು ಗಂಟೆಗಟ್ಟಲೆ ನಿಧಾನವಾಗಿ ಅನಿಲ ಬಿಡುತ್ತದೆ. ಆ ಅನಿಲವನ್ನು ಅಷ್ಟು ಹೊತ್ತು ಹಿಡಿದಿಡಲು ಹಿಟ್ಟಿನೊಳಗೆ ಬಲೆ ಬೇಕು, ಬಲೆ ಹೆಣೆಯಲು ನಾದಬೇಕು. ಹಿಟ್ಟನ್ನು ನಾದಿದಂತೆ ರಬ್ಬರಿನಂತಾಗುತ್ತದಲ್ಲ, ಆ ಗುಣ ಕೊಡುವ ಗ್ಲುಟೆನ್ ಎಂಬ ಪ್ರೋಟೀನಿನ ಕೆಲಸ ಅದು. ಸೋಡಾದ ಅನಿಲವಾದರೋ ನಿಮಿಷಗಳಲ್ಲಿ ಹುಟ್ಟಿ ನಿಮಿಷಗಳಲ್ಲಿ ಹೊರಟುಹೋಗುವಂಥದ್ದು. ಅದಿರುವಾಗಲೇ ಬಿಸಿ ತಾಗಿ ಗುಳ್ಳೆಗಳ ಸುತ್ತ ಹಿಟ್ಟು ಬೆಂದು ಗಟ್ಟಿಯಾಗಬೇಕು. ನಾದಿದರೆ ಗುಳ್ಳೆ ಒಡೆಯುತ್ತದೆ, ಬ್ರೆಡ್ಡು ಚರ್ಮದಂತೆ ಎಳೆಯುತ್ತದೆ.

ಹಾಗಾದರೆ ಗೋಳಿಬಜೆಯ ಹಿಟ್ಟನ್ನು ಗಂಟೆಗಟ್ಟಲೆ ಇಟ್ಟರೂ ಅದು ಹೇಗೆ ಉಬ್ಬುತ್ತದೆ ಎಂದು ಕೇಳಬಹುದು. ನಾನೂ ಕೇಳಿಕೊಂಡಿದ್ದೆ. ಗೋಳಿಬಜೆ ನಿಂಬೆಹಣ್ಣಿನಷ್ಟು ದೊಡ್ಡದು. ಕಾದ ಎಣ್ಣೆ ಅದನ್ನು ಎಲ್ಲ ಕಡೆಯಿಂದ ಒಮ್ಮೆಗೇ ಹಿಡಿಯುತ್ತದೆ. ಉಳಿದ ಅಷ್ಟಿಷ್ಟು ಅನಿಲ ಮತ್ತು ನೀರಿನ ಆವಿಯೇ ಅಷ್ಟನ್ನು ಉಬ್ಬಿಸಲು ಸಾಕು. ಅರ್ಧ ಕಿಲೋ ಹಿಟ್ಟಿನ ಮುದ್ದೆಯ ನಡುವಿಗೆ ಬಿಸಿ ತಲುಪಲು ಅರ್ಧ ಗಂಟೆ ಬೇಕು. ಅಲ್ಲಿಯವರೆಗೆ ಅದನ್ನು ಎತ್ತಿ ನಿಲ್ಲಿಸಲು ಸೋಡಾದ ಪೂರ್ತಿ ಬಲ ಬೇಕಾಗುತ್ತದೆ.

ಐರ್ಲೆಂಡಿನ ಬಡವರ ಮನೆಯಿಂದ

ಅಡುಗೆ ಸೋಡಾ ಐರ್ಲೆಂಡಿನಲ್ಲಿ ಬಳಕೆಗೆ ಬಂದದ್ದು 1830ರ ದಶಕದ ಹೊತ್ತಿಗೆ. ಅಲ್ಲಿನ ತಂಪು, ತೇವದ ಹವೆಯಲ್ಲಿ ಬೆಳೆಯುವ ಗೋಧಿ ಮೆದು ಜಾತಿಯದು, ಗ್ಲುಟೆನ್ ಕಡಿಮೆ. ಈಸ್ಟ್ ಬ್ರೆಡ್ಡಿಗೆ ಆ ಹಿಟ್ಟು ಅಷ್ಟಾಗಿ ಒದಗುವುದಿಲ್ಲ, ಸೋಡಾಕ್ಕೆ ಹೇಳಿ ಮಾಡಿಸಿದಂತಿದೆ. ಬೆಣ್ಣೆ ಕಡೆದ ಮೇಲೆ ಉಳಿಯುವ ಹುಳಿ ಮಜ್ಜಿಗೆ ಹಸುವಿರುವ ಪ್ರತಿ ಮನೆಯಲ್ಲಿತ್ತು. ಇಲ್ಲದ್ದು ಓವನ್. ಹಳ್ಳಿಯ ಮನೆಗಳಲ್ಲಿ ಇದ್ದದ್ದು ಜವುಗು ನೆಲದಿಂದ ಕಡಿದು ಒಣಗಿಸಿದ ಪೀಟ್ ಉರಿಯುವ ತೆರೆದ ಒಲೆ. ಅದರ ಮೇಲೆ ‘ಬಾಸ್ಟಿಬಲ್’ ಎಂಬ ಎರಕದ ಕಬ್ಬಿಣದ ಪಾತ್ರೆ ಇಟ್ಟು, ಅದರ ಮುಚ್ಚಳದ ಮೇಲೂ ಕೆಂಡ ಹರಡಿ ಬ್ರೆಡ್ಡು ಬೇಯಿಸುತ್ತಿದ್ದರು.

ಇದನ್ನು ಕೇಳಿದಾಗ ನನಗೆ ನೆನಪಾದದ್ದು ಕಲ್ತಪ್ಪ. ಅಕ್ಕಿ, ಬೆಲ್ಲದ ಹಿಟ್ಟನ್ನು ಪಾತ್ರೆಗೆ ಹೊಯ್ದು, ಅಡಿಗೆ ಬೆಂಕಿ, ಮುಚ್ಚಳದ ಮೇಲೆ ಗೆರಟೆಯ ಕೆಂಡ ಹಾಕಿ ಬೇಯಿಸುವುದನ್ನು ನಮ್ಮ ಕಡೆ ಹಿರಿಯರು ನೋಡಿದ್ದಾರೆ. ಮೇಲೆ, ಕೆಳಗೆ ಎರಡೂ ಕಡೆ ಕೆಂಡವಿದ್ದರೆ ಯಾವ ದಪ್ಪ ತಳದ ಪಾತ್ರೆಯೂ ಓವನ್ ಆಗುತ್ತದೆ. ಮನೆಯಲ್ಲಿ ಓವನ್ ಇಲ್ಲ ಎಂದು ಈ ಬರಹವನ್ನು ಇಲ್ಲಿಗೇ ಬಿಡಬೇಡಿ. ನಿಮ್ಮ ದಾರಿ ಮುಂದೆ ಬರುತ್ತದೆ.

ಸಾಮಾನು ಮತ್ತು ಅಳತೆ

ಐದಾರು ಮಂದಿಗೆ ಸಾಕಾಗುವ ಒಂದು ಬ್ರೆಡ್ಡಿಗೆ 300 ಗ್ರಾಂ ಮೈದಾ, 150 ಗ್ರಾಂ ಗೋಧಿ ಹಿಟ್ಟು, ಮಟ್ಟಸವಾಗಿ ಒಂದು ಟೀ ಚಮಚ ಉಪ್ಪು, ಮಟ್ಟಸವಾಗಿ ಒಂದು ಟೀ ಚಮಚ ಅಡುಗೆ ಸೋಡಾ, 300 ಗ್ರಾಂ ಹುಳಿ ಮೊಸರು, ಅದನ್ನು ಸಡಿಲಿಸಲು 100 ಮಿಲಿ ಲೀಟರ್ ನೀರು. ಎಣ್ಣೆ, ಬೆಣ್ಣೆ, ಸಕ್ಕರೆ, ಮೊಟ್ಟೆ ಯಾವುದೂ ಇಲ್ಲ. ಸಾಧ್ಯವಾದರೆ ತೂಕ ಮಾಡಿ. ನಮ್ಮ ಮನೆಗಳ ಕುಡ್ತೆ, ಗ್ಲಾಸುಗಳು ಒಂದೇ ಅಳತೆಯವಲ್ಲ. ಒಬ್ಬರ ಮನೆಯ ಎರಡು ಕುಡ್ತೆ ಇನ್ನೊಬ್ಬರ ಮನೆಯಲ್ಲಿ ಎರಡೂವರೆ ಆಗುತ್ತದೆ. ತಕ್ಕಡಿ ಇಲ್ಲದಿದ್ದರೆ 240 ಮಿಲಿ ಲೀಟರಿನ ಅಳತೆ ಕಪ್ಪಿನಲ್ಲಿ, ಒತ್ತಿ ತುಂಬದೆ, ಎರಡೂಕಾಲು ಕಪ್ಪು ಮೈದಾ, ಒಂದೂಕಾಲು ಕಪ್ಪು ಗೋಧಿ ಹಿಟ್ಟು ಎಂದು ಹಿಡಿಯಿರಿ.

ಮೈದಾ ಬ್ರೆಡ್ಡಿಗೆ ಆಗದು, ಬ್ರೆಡ್ಡಿನದೇ ಹಿಟ್ಟು ಬೇಕು ಎಂದು ನೀವು ಓದಿರಬಹುದು. ಅದು ಈಸ್ಟ್ ಬ್ರೆಡ್ಡಿನ ಮಾತು. ಇಲ್ಲಿ ಮೆದು ಹಿಟ್ಟೇ ಬೇಕಾದದ್ದು, ಆದ್ದರಿಂದ ಅಂಗಡಿಯ ಸಾಮಾನ್ಯ ಮೈದಾ ಧಾರಾಳ ಸಾಕು. ಪೂರ್ತಿ ಗೋಧಿ ಹಿಟ್ಟಿನಲ್ಲಿಯೂ ಮಾಡಬಹುದು. ಆದರೆ ಚಪಾತಿಗೆಂದು ಬೀಸಿದ ನಮ್ಮ ಹಿಟ್ಟು ತುಂಬ ನುಣ್ಣಗಿರುತ್ತದೆ, ನೀರನ್ನು ಹೆಚ್ಚು ಕುಡಿಯುತ್ತದೆ, ಬ್ರೆಡ್ಡು ಭಾರವಾಗುತ್ತದೆ. ಐರ್ಲೆಂಡಿನವರ ಕಂದು ಬ್ರೆಡ್ಡಿನ ಹಿಟ್ಟು ಒರಟು, ತೌಡು ಕಣ್ಣಿಗೆ ಕಾಣುವಂಥದ್ದು. ಆ ಒರಟು ಬೇಕೆಂದರೆ ಗೋಧಿ ಹಿಟ್ಟಿನ ಜೊತೆ ಎರಡು ಮೂರು ದೊಡ್ಡ ಚಮಚ ಗೋಧಿ ತೌಡು ಸೇರಿಸಿ. ಮೊದಲ ಸಲ ಮಾತ್ರ ನಾನು ಹೇಳಿದ ಅಳತೆಯಲ್ಲೇ ಮಾಡಿ, ಅದರ ರುಚಿ ತಿಳಿದ ಮೇಲೆ ಬದಲಾಯಿಸಿ.

ಈ ಬ್ರೆಡ್ಡಿನ ಹಣೆಬರಹ ಮೊಸರಿನಲ್ಲಿದೆ. ನಾವು ಊಟಕ್ಕೆ ಕುಡಿಯುವ ನೀರುಮಜ್ಜಿಗೆ ಇದಕ್ಕೆ ನಡೆಯದು. ಅದರಲ್ಲಿ ಹುಳಿ ತೆಳುವಾಗಿರುತ್ತದೆ. ಹುಳಿ ಸಾಲದಿದ್ದರೆ ಸೋಡಾದ ಒಂದು ಪಾಲು ಕೆಲಸವಿಲ್ಲದೆ ಉಳಿದು, ಬ್ರೆಡ್ಡು ಹಳದಿ ತಿರುಗಿ ಸಾಬೂನಿನ ರುಚಿ ಬರುತ್ತದೆ. ಪೊಟ್ಟಣದಲ್ಲಿ ಬರುವ ಮಸಾಲೆ ಮಜ್ಜಿಗೆಯಂತೂ ಬೇಡವೇ ಬೇಡ. ಹಿಂದಿನ ದಿನ ಹೆಪ್ಪು ಹಾಕಿ ಫ್ರಿಜ್ಜಿನ ಹೊರಗಿಟ್ಟ ಮೊಸರು ಬೇಕು, ನಾಲಿಗೆಗೆ ಇಟ್ಟರೆ ಕಣ್ಣು ತುಸು ಕಿರಿದಾಗುವಷ್ಟು ಹುಳಿ. ಕುಂಭ, ಮೀನ ತಿಂಗಳ ನಮ್ಮ ಸೆಕೆಯಲ್ಲಿ ಒಂದು ರಾತ್ರಿ ಸಾಕು. ಮಳೆಗಾಲದಲ್ಲಿ ಇನ್ನರ್ಧ ದಿನ ಬಿಡಿ. ಅವಸರವಿದ್ದರೆ ಮೊಸರಿಗೆ ಒಂದೆರಡು ಟೀ ಚಮಚ ನಿಂಬೆರಸ ಹಿಂಡಿ.

ಮನೆಯಲ್ಲಿ ಬೆಣ್ಣೆ ಕಡೆಯುವವರು ಭಾಗ್ಯವಂತರು. ಬೆಣ್ಣೆ ತೆಗೆದ ಮೇಲೆ, ನೀರು ಬೆರೆಸುವ ಮೊದಲು ಉಳಿಯುವ ದಪ್ಪ ಮಜ್ಜಿಗೆಯೇ ಈ ಬ್ರೆಡ್ಡಿನ ಮೂಲ ಸಾಮಗ್ರಿ. ಐರ್ಲೆಂಡಿನಲ್ಲಿ ಈಗ ಅಂಗಡಿಯ ಮಜ್ಜಿಗೆಯಲ್ಲೇ ಹೆಚ್ಚಿನವರು ಮಾಡುವುದಂತೆ. ಕಾಸರಗೋಡು ಗಿಡ್ಡ ತಳಿಯ ಒಂದು ಹಸು ನಮ್ಮಲ್ಲಿದೆ. ಕೊಡುವ ಹಾಲು ಸ್ವಲ್ಪವೇ, ಆದರೆ ಅದರ ಮಜ್ಜಿಗೆಯಲ್ಲಿ ಮಾಡಿದ ಬ್ರೆಡ್ಡಿಗೆ ಬರುವ ಪರಿಮಳ ಪ್ಯಾಕೆಟ್ ಹಾಲಿನ ಮೊಸರಿನಿಂದ ನನಗೆ ಎಂದೂ ಸಿಕ್ಕಿಲ್ಲ. ಈ ಮಜ್ಜಿಗೆಯಾದರೆ 400 ಮಿಲಿ ಲೀಟರ್, ಬೇರೆ ನೀರು ಬೇಡ.

ಸೋಡಾ ಕೊಳ್ಳುವಾಗ ಎಚ್ಚರ. ಬರಿದೇ ಸೋಡಾ ಪುಡಿ ಎಂದು ಕೇಳಬೇಡಿ. ಬಟ್ಟೆ ಒಗೆಯುವ ಸೋಡಾ ಬೇರೆ, ಅದು ಹೊಟ್ಟೆಗೆ ಹೋಗಬಾರದು. ನಮ್ಮೂರ ಮಲಯಾಳ ಮಾತಿನ ಅಂಗಡಿಗಳಲ್ಲಿ ‘ಅಪ್ಪಕ್ಕಾರಂ’ ಎಂದು ಕೇಳಿದರೆ ಸರಿಯಾದದ್ದೇ ಸಿಗುತ್ತದೆ. ಬೇಕಿಂಗ್ ಪೌಡರ್ ಕೂಡ ಬೇರೆ ವಸ್ತು. ಅದರಲ್ಲಿ ಸೋಡಾದ ಜೊತೆ ಹುಳಿಯ ಪುಡಿಯೂ ಇರುತ್ತದೆ, ಅಳತೆ ಹೊಂದುವುದಿಲ್ಲ. ಡಬ್ಬಿಯಲ್ಲಿ ಬಹಳ ದಿನ ಉಳಿದ ಸೋಡಾ ಆದರೆ ಒಂದು ಚಿಟಿಕೆಗೆ ನಾಲ್ಕು ಹನಿ ನಿಂಬೆರಸ ಹಾಕಿ ನೋಡಿ. ಬುಸ್ಸೆಂದು ನೊರೆ ಏಳದಿದ್ದರೆ ಹೊಸತು ತನ್ನಿ.

ಮೊದಲು ಓವನ್, ಆಮೇಲೆ ಹಿಟ್ಟು

ಓವನ್ ಕಾಯುವ ಮೊದಲು ಹಿಟ್ಟನ್ನು ಒದ್ದೆ ಮಾಡಬೇಡಿ. ಒಟಿಜಿಯನ್ನು, ಅಂದರೆ ಮೇಜಿನ ಮೇಲಿಡುವ ಕರೆಂಟಿನ ಓವನ್ನನ್ನು, 220 ಡಿಗ್ರಿ ಸೆಲ್ಸಿಯಸ್‌ಗೆ ತಿರುಗಿಸಿ, ಮೇಲಿನ ಕೆಳಗಿನ ಎರಡೂ ಕಾಯಿಲ್ ಹಾಕಿ, ಇಪ್ಪತ್ತು ನಿಮಿಷ ಕಾಯಿಸಿ. ಹತ್ತು ನಿಮಿಷಕ್ಕೆ ದೀಪ ಆರಿದರೂ ನಂಬಬೇಡಿ. ಒಳಗಿನ ಗಾಳಿ ಕಾದಿರುತ್ತದೆ, ಗೋಡೆಗಳು ಕಾದಿರುವುದಿಲ್ಲ. ನಮ್ಮ ಕಡೆ ಸಂಜೆ ವೋಲ್ಟೇಜ್ ಇಳಿಯುವ ಹೊತ್ತಿನಲ್ಲಿ ಇನ್ನೂ ಐದು ನಿಮಿಷ ಹೆಚ್ಚು ಕೊಡಬೇಕು. ಬ್ರೆಡ್ಡು ಉಬ್ಬಿ ಮೇಲಿನ ಕಾಯಿಲಿಗೆ ತಾಗದಂತೆ ತಟ್ಟೆ ಇಡುವ ಜಾಲರಿಯನ್ನು ಕೆಳಗಿನ ಸಾಲಿನಲ್ಲಿ ಇಡಿ. ಓವನ್ 20 ಲೀಟರಿಗಿಂತ ಸಣ್ಣದಾದರೆ ಅರ್ಧ ಅಳತೆಯಲ್ಲಿ ಮಾಡಿ, ಸಮಯವನ್ನು ಒಟ್ಟು ಮೂವತ್ತು ನಿಮಿಷಕ್ಕೆ ಇಳಿಸಿ. ತಟ್ಟೆಗೆ ಎಣ್ಣೆ ಬೇಡ, ಒಂದು ಹಿಡಿ ಮೈದಾ ಉದುರಿಸಿದರೆ ಸಾಕು.

ಓವನ್ ಕಾಯುತ್ತಿರುವಾಗ ಎರಡೂ ಹಿಟ್ಟು, ಉಪ್ಪು, ಸೋಡಾ ಒಟ್ಟಿಗೆ ಎರಡು ಸಲ ಜರಡಿ ಹಿಡಿಯಿರಿ. ಎರಡು ಸಲ ಎಂದರೆ ಎರಡು ಸಲ. ನಮ್ಮ ಹವೆಯಲ್ಲಿ ಸೋಡಾ ಗಂಟುಕಟ್ಟುತ್ತದೆ. ಸಾಸಿವೆಯಷ್ಟು ಗಂಟು ಉಳಿದರೂ ಬ್ರೆಡ್ಡಿನಲ್ಲಿ ಕಂದು ಚುಕ್ಕೆಯಾಗಿ ಕಾಣುತ್ತದೆ, ಬಾಯಿಗೆ ಸಿಕ್ಕರೆ ಕಹಿ. ಜರಡಿಯಲ್ಲಿ ಉಳಿದ ತೌಡನ್ನು ಎಸೆಯದೆ ಹಿಟ್ಟಿಗೇ ಹಾಕಿ. ಮೊಸರನ್ನು ನೀರಿನೊಂದಿಗೆ ಕಡೆಗೋಲಿನಿಂದ ನುಣ್ಣಗೆ ಕಡೆದಿಟ್ಟುಕೊಳ್ಳಿ. ದೋಸೆ ಹಿಟ್ಟಿಗಿಂತ ತುಸು ತೆಳು ಇರಲಿ. ಚೂರಿ, ಉದುರಿಸಲು ಹಿಟ್ಟು, ತಟ್ಟೆ ಎಲ್ಲ ಕೈಗೆಟಕುವಂತೆ ಇರಲಿ. ಮೊಬೈಲ್ ಆಚೆ ಕೋಣೆಯಲ್ಲಿರಲಿ.

ಆ ಐದು ನಿಮಿಷ

ಓವನ್ ಕಾದಿದೆ ಎಂದು ಖಾತ್ರಿಯಾದ ಮೇಲೆ, ಅಗಲ ಬಾಯಿಯ ಪಾತ್ರೆಯಲ್ಲಿರುವ ಹಿಟ್ಟಿನ ನಡುವೆ ಗುಳಿ ಮಾಡಿ. ಮೊಸರಿನ ಎಂಟನೆಯ ಒಂದು ಪಾಲನ್ನು ಹಿಂದೆ ಉಳಿಸಿಕೊಂಡು ಉಳಿದದ್ದೆಲ್ಲವನ್ನೂ ಒಮ್ಮೆಗೇ ಹೊಯ್ಯಿರಿ. ಸ್ವಲ್ಪ ಸ್ವಲ್ಪ ಹೊಯ್ದು ಕಲಸುತ್ತ ಹೋದರೆ ಕೈಯಾಡಿಸುವುದು ಹೆಚ್ಚಾಗುತ್ತದೆ, ಹಿಟ್ಟು ಜಿಗುಟಾಗುತ್ತದೆ.

ಒಂದೇ ಕೈ ಬಳಸಿ. ಬೆರಳುಗಳನ್ನು ಬಿಡಿಸಿ, ಬಾಗಿಸಿ, ಪಂಜದಂತೆ ಬಿಗಿಯಾಗಿ ಹಿಡಿದು, ನಡುವಿನಿಂದ ಅಂಚಿನ ಕಡೆಗೆ ಸುತ್ತುಗಳನ್ನು ಹಾಕುತ್ತ ಬನ್ನಿ. ಹಿಟ್ಟು ತಾನಾಗಿ ಬೆರಳುಗಳ ನಡುವೆ ಬಂದು ಒದ್ದೆಯಾಗುತ್ತದೆ. ಅವಲಕ್ಕಿಗೆ ಕಾಯಿತುರಿ ಬೆರೆಸುವಾಗ ಒತ್ತುವುದಿಲ್ಲವಲ್ಲ, ಹಾಗೆ. ಅಕ್ಕನ ಮಗಳು ನನ್ನ ಕೈಯನ್ನು ನೋಡುತ್ತ ನಿಂತು, “ಚಿಕ್ಕಮ್ಮ, ನೀವು ಚಪಾತಿಗೆ ನಾದುತ್ತಿದ್ದೀರಿ” ಎಂದು ಮೂರು ಸಲ ತಡೆದಿದ್ದಳು. ಅಂಗೈಯ ಬುಡ ಹಿಟ್ಟಿಗೆ ತಾಗಿತೆಂದರೆ ನೀವು ನಾದುತ್ತಿದ್ದೀರಿ ಎಂದೇ ಅರ್ಥ. ಬೆರಳು ಮಾತ್ರ ಕೆಲಸ ಮಾಡಲಿ. ಹತ್ತು ಹದಿನೈದು ಸುತ್ತಿಗೆ ಒಣಹಿಟ್ಟು ಮಾಯವಾಗುತ್ತದೆ. ತಳದಲ್ಲಿ ಒಣಹಿಟ್ಟು ಉಳಿದಿದ್ದರೆ ಉಳಿಸಿಕೊಂಡ ಮೊಸರನ್ನು ಅಲ್ಲಿಗೇ ಸುರಿದು ಇನ್ನೆರಡು ಸುತ್ತು ಹಾಕಿ.

ಹದ ಹೇಗಿರಬೇಕು? ಚಪಾತಿ ಹಿಟ್ಟಿಗಿಂತ ಬಹಳ ಮೆದು, ಗೋಳಿಬಜೆ ಹಿಟ್ಟಿಗಿಂತ ಗಟ್ಟಿ. ಕೈಗೆ ಅಂಟಬೇಕು, ಆದರೆ ಸುರಿಯಬಾರದು. ಮೇಲ್ಮೈ ಉಬ್ಬುತಗ್ಗಾಗಿ, ನೋಡಲು ಚೆನ್ನಾಗಿಲ್ಲದಂತೆ ಇದ್ದರೆ ಸರಿಯಾಗಿದೆ. ನುಣುಪಾಗಿ ಹೊಳೆಯುತ್ತಿದ್ದರೆ ನಾದು ಹೆಚ್ಚಾಗಿದೆ. ಆಟಿ ತಿಂಗಳ ಮಳೆಯಲ್ಲಿ ಹಿಟ್ಟೇ ತೇವ ಹೀರಿರುತ್ತದೆ, ಆಗ ಉಳಿಸಿಕೊಂಡ ಮೊಸರು ಬೇಕಾಗುವುದೇ ಇಲ್ಲ. ಮಕರ ತಿಂಗಳ ಒಣ ಗಾಳಿಯಲ್ಲಿ ಪೂರ್ತಿ ಬೇಕಾಗುತ್ತದೆ. ಈ ವ್ಯತ್ಯಾಸವನ್ನು ಗ್ರಾಂ ಲೆಕ್ಕದಲ್ಲಿ ಯಾರೂ ಹೇಳಿಕೊಡಲಾರರು, ಎರಡು ಮೂರು ಸಲ ಮಾಡಿದರೆ ಕೈಗೆ ತಿಳಿಯುತ್ತದೆ.

ಹಿಟ್ಟು ಉದುರಿಸಿದ ಕಲ್ಲಿನ ಮೇಲೆ ಮುದ್ದೆಯನ್ನು ಬೀಳಿಸಿ. ಕೈ ತೊಳೆದು ಒರೆಸಿ, ಒಣಹಿಟ್ಟು ಸವರಿಕೊಳ್ಳಿ. ಮುದ್ದೆಯ ಅಂಚುಗಳನ್ನು ಅಡಿಗೆ ಮೆಲ್ಲನೆ ಸರಿಸುತ್ತ ಒಂದು ಸುತ್ತು ತಿರುಗಿಸಿದರೆ ದುಂಡಗಾಗುತ್ತದೆ. ಒಂದೂವರೆ ಇಂಚು ಎತ್ತರ, ಏಳು ಇಂಚು ಅಗಲ ಬರುವಂತೆ ತಟ್ಟಿ, ತಟ್ಟೆಗೆ ಎತ್ತಿ ಇಡಿ.

ಈಗ ಕೊಯ್ತ. ಹಿಟ್ಟು ಸವರಿದ ಹರಿತ ಚೂರಿಯಿಂದ ಅಡ್ಡಕ್ಕೊಂದು, ಉದ್ದಕ್ಕೊಂದು ಗೆರೆ, ಅಂಚಿನಿಂದ ಅಂಚಿನವರೆಗೆ, ಬ್ರೆಡ್ಡಿನ ಅರ್ಧ ಎತ್ತರದಷ್ಟು ಆಳ. ಹೆದರಿ ಮೇಲೆ ಮೇಲೆ ಗೀರಿದರೆ ಪ್ರಯೋಜನವಿಲ್ಲ. ಸಿಲುಬೆಯ ಆಕಾರದ ಈ ಕೊಯ್ತವನ್ನು ಐರಿಷ್ ಜನ ಬ್ರೆಡ್ಡನ್ನು ಹರಸುವ ಗುರುತೆಂದು ಭಾವಿಸುತ್ತಾರೆ. ನಾಲ್ಕು ಕಾಲುಭಾಗಗಳಲ್ಲೂ ಚೂರಿಯ ತುದಿಯಿಂದ ಒಂದೊಂದು ಚುಚ್ಚು ಹಾಕುವುದು, ಒಳಗಿರುವ ಯಕ್ಷಿಣಿಯರು ಹೊರಗೆ ಹೋಗಲಿ ಎಂದಂತೆ. ತಾಳೆ ಮರಕ್ಕೂ ಪಾಲೆ ಮರಕ್ಕೂ ಯಕ್ಷಿಯನ್ನು ಕಂಡ ನಮ್ಮ ಊರಿಗೆ ಈ ಮಾತು ಅಪರಿಚಿತವಲ್ಲ. ನಂಬಿಕೆಯ ಜೊತೆಗೆ ಕಾರಣವೂ ಇದೆ: ಕೊಯ್ತದ ದಾರಿಯಲ್ಲಿ ಬಿಸಿ ನಡುವಿಗೆ ಇಳಿಯುತ್ತದೆ, ಉಬ್ಬುವ ಹಿಟ್ಟಿಗೆ ಬಿಚ್ಚಿಕೊಳ್ಳಲು ಜಾಗ ಸಿಗುತ್ತದೆ. ಕೊಯ್ಯದಿದ್ದರೆ ಬ್ರೆಡ್ಡು ತನಗೆ ತೋಚಿದ ಕಡೆ ಒಡೆಯುತ್ತದೆ, ನಡು ಹಸಿ ಉಳಿಯುತ್ತದೆ.

ತಟ್ಟೆ ಒಳಗೆ ಹೋಗಲಿ, ಬಾಗಿಲು ಬೇಗ ಮುಚ್ಚಲಿ. 220 ಡಿಗ್ರಿಯಲ್ಲಿ ಹದಿನೈದು ನಿಮಿಷ, ಆಮೇಲೆ 200ಕ್ಕೆ ಇಳಿಸಿ ಇಪ್ಪತ್ತೈದರಿಂದ ಮೂವತ್ತು ನಿಮಿಷ. ಮೊದಲ ಇಪ್ಪತ್ತು ನಿಮಿಷ ಬಾಗಿಲು ತೆರೆಯಬೇಡಿ. ಗಾಜಿನ ಆಚೆ ಕೊಯ್ತ ಅರಳಿ ನಾಲ್ಕು ದಳವಾಗುವುದು ಕಾಣುತ್ತದೆ. ಎಷ್ಟು ಸಲ ಮಾಡಿದರೂ ನಾನು ಅದನ್ನು ನೋಡಲು ನಿಲ್ಲುತ್ತೇನೆ. ಮೇಲ್ಭಾಗ ಬೇಗ ಕಪ್ಪಾಗುತ್ತಿದ್ದರೆ ಅಲ್ಯುಮಿನಿಯಂ ಹಾಳೆಯೊಂದನ್ನು ಸಡಿಲವಾಗಿ ಮುಚ್ಚಿ.

ಬೆಂದಿದೆಯೇ ಎಂದು ತಿಳಿಯಲು ಬಣ್ಣ ಸಾಲದು. ಬಟ್ಟೆಯಲ್ಲಿ ಹಿಡಿದು ಬ್ರೆಡ್ಡನ್ನು ಮಗುಚಿ, ಅಡಿಯನ್ನು ಬೆರಳ ಗೆಣ್ಣಿನಿಂದ ತಟ್ಟಿ. ಬೆಳೆದ ಹಲಸಿನಕಾಯಿಯನ್ನು ತಟ್ಟಿ ನೋಡಿದ ಕಿವಿಗೆ ಇದು ಕಷ್ಟವಲ್ಲ. ಟೊಳ್ಳು ದನಿ ಬಂದರೆ ಬೆಂದಿದೆ. ಮಂಕಾದ ದಪ್ಪ ದನಿ ಬಂದರೆ ಮಗುಚಿದ ಹಾಗೆಯೇ ಮತ್ತೆ ಒಳಗಿಟ್ಟು ಐದರಿಂದ ಎಂಟು ನಿಮಿಷ ಬಿಡಿ.

ಹೊರಗೆ ತೆಗೆದ ಬ್ರೆಡ್ಡನ್ನು ಜಾಲರಿಯ ಮೇಲೆ ಇಡಿ, ಅಡಿಗೆ ಗಾಳಿಯಾಡಬೇಕು. ಸಿಪ್ಪೆ ಗರಿಗರಿ ಬೇಕೆನ್ನುವವರು ಹಾಗೇ ಬಿಡಿ. ಮೆದು ಬೇಕೆನ್ನುವವರು ಹಳೆಯ ತೆಳು ಬೈರಾಸನ್ನು ಸುತ್ತಿ. ಅರ್ಧ ಗಂಟೆಯಾದರೂ ಕೊಯ್ಯಬೇಡಿ. ಇಲ್ಲಿಯವರೆಗೆ ಅವಸರ ಮಾಡಿಸಿದ ನಾನೇ ಈಗ ಕಾಯಲು ಹೇಳುತ್ತಿದ್ದೇನೆ: ಬಿಸಿಯಿರುವಾಗ ಕೊಯ್ದರೆ ಒಳಗಿನ ಆವಿ ಹೊರಟುಹೋಗಿ ತಿರುಳು ಅಂಟಂಟಾಗುತ್ತದೆ.

ಓವನ್ ಇಲ್ಲದ ಮನೆಗೆ ಕಾವಲಿ

ಇದು ಬದಲಿ ಉಪಾಯವಲ್ಲ. ಉತ್ತರ ಐರ್ಲೆಂಡಿನವರು ಸೋಡಾ ಬ್ರೆಡ್ಡನ್ನು ಕಾವಲಿಯ ಮೇಲೆಯೇ ಮಾಡುತ್ತಾರೆ. ದುಂಡನೆಯ ಹಿಟ್ಟನ್ನು ನಾಲ್ಕು ಪಾಲು ಮಾಡುವುದರಿಂದ ಅದಕ್ಕೆ ‘ಫಾರ್ಲ್’ ಎಂದು ಹೆಸರು. ನಾಲ್ಕನೆಯ ಒಂದು ಭಾಗ ಎಂಬ ಅರ್ಥದ ಹಳೆಯ ಶಬ್ದ ಅದು. ನೀರುದೋಸೆ ಹೊಯ್ಯುವ ದಪ್ಪ ಕಬ್ಬಿಣದ ಕಾವಲಿ ಇದ್ದವರಿಗೆ ನಾನು ಮೊದಲು ಹೇಳುವುದು ಇದನ್ನೇ.

225 ಗ್ರಾಂ ಮೈದಾ, ಅರ್ಧ ಟೀ ಚಮಚ ಉಪ್ಪು, ಅರ್ಧ ಟೀ ಚಮಚ ಸೋಡಾ, 150 ಗ್ರಾಂ ಹುಳಿ ಮೊಸರು, 50 ಮಿಲಿ ಲೀಟರಿನವರೆಗೆ ನೀರು. ಕಾವಲಿಯನ್ನು ಎಣ್ಣೆ ಹಚ್ಚದೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ. ಒಂದು ಚಿಟಿಕೆ ಮೈದಾ ಉದುರಿಸಿ ನೋಡಿ. ಒಂದು ನಿಮಿಷದಲ್ಲಿ ಅದು ಕೆನೆ ಬಣ್ಣ ದಾಟಿ ತಿಳಿಕಂದಾದರೆ ಹದ ಸರಿ. ಬಿದ್ದೊಡನೆ ಕಪ್ಪಾದರೆ ಉರಿ ಹೆಚ್ಚು. ಕಾವಲಿ ಇಳಿಸಿ ಆರಿಸಿ. ಹಿಟ್ಟನ್ನು ಮೇಲೆ ಹೇಳಿದ ಹಾಗೆಯೇ ಕಲಸಿ, ಅರ್ಧ ಇಂಚು ದಪ್ಪಕ್ಕೆ ಕೈಯಿಂದ ತಟ್ಟಿ, ನಾಲ್ಕಾಗಿ ಕೊಯ್ದು ಕಾವಲಿಯ ಮೇಲಿಡಿ. ಒಂದೊಂದು ಬದಿಗೆ ಎಂಟರಿಂದ ಹತ್ತು ನಿಮಿಷ. ಎರಡು ಬದಿ ಬೆಂದ ಮೇಲೆ ತುಂಡುಗಳನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸಿ, ಕೊಯ್ದ ಅಂಚುಗಳಿಗೂ ಒಂದೊಂದು ನಿಮಿಷ ಬಿಸಿ ತಾಗಿಸಿ. ಇದನ್ನು ಬಿಟ್ಟರೆ ಅಂಚಿನಲ್ಲಿ ಹಸಿಹಿಟ್ಟಿನ ವಾಸನೆ ಉಳಿಯುತ್ತದೆ. ನಡುವಿನಿಂದ ಸೀಳಿ, ಬಿಸಿಯಲ್ಲೇ ಬೆಣ್ಣೆ ಹಾಕಿ ತಿನ್ನಬೇಕಾದದ್ದು ಇದು.

ದುಂಡನೆಯ ಬ್ರೆಡ್ಡೇ ಬೇಕೆಂದರೆ ದಪ್ಪ ತಳದ ಅಗಲ ಪಾತ್ರೆಗೆ ಒಂದು ಬೆರಳು ಎತ್ತರ ಕಲ್ಲುಪ್ಪು ಹಾಕಿ, ಮೇಲೆ ಸಣ್ಣ ಸ್ಟ್ಯಾಂಡ್ ಇಟ್ಟು, ಬಿಗಿಯಾದ ಮುಚ್ಚಳ ಮುಚ್ಚಿ ಗ್ಯಾಸಿನ ದೊಡ್ಡ ಉರಿಯಲ್ಲಿ ಹದಿನೈದು ನಿಮಿಷ ಕಾಯಿಸಿ. ಅರ್ಧ ಅಳತೆಯ ಬ್ರೆಡ್ಡನ್ನು ತಟ್ಟೆಯಲ್ಲಿಟ್ಟು ಒಳಗಿಳಿಸಿ, ಮಧ್ಯಮ ಉರಿಯಲ್ಲಿ ನಲವತ್ತೈದು ನಿಮಿಷ. ಮೇಲ್ಭಾಗಕ್ಕೆ ಬಣ್ಣ ಬರುವುದಿಲ್ಲ. ಕೊನೆಗೆ ಕಾವಲಿಯ ಮೇಲೆ ಐದು ನಿಮಿಷ ಮಗುಚಿ ಹಾಕಿ. ಪ್ರೆಶರ್ ಕುಕ್ಕರಿನಲ್ಲಿ ಮಾಡುವವರು ಗ್ಯಾಸ್ಕೆಟ್ ಮತ್ತು ವೆಯಿಟ್ ಎರಡನ್ನೂ ತೆಗೆಯಲೇಬೇಕು. ಕಟ್ಟಿಗೆ ಒಲೆಯಿದ್ದು ಗೆರಟೆಯ ಕೆಂಡ ಸಿಗುವವರಿಗೆ ಉಪ್ಪಿನ ಹಂಗಿಲ್ಲ: ಕೆಳಗೆ ಒಂದು ಪಾಲು ಕೆಂಡ, ಮುಚ್ಚಳದ ಮೇಲೆ ಎರಡು ಪಾಲು, ನಡುವೆ ಒಮ್ಮೆ ಕೆಂಡ ಬದಲು. ಅಡಿ ಸೀಯುವುದು ಕೆಳಗಿನ ಕೆಂಡ ಹೆಚ್ಚಾದಾಗ. ಈ ಬಗೆಯಲ್ಲಿ ಬೆಂದ ಬ್ರೆಡ್ಡಿಗೆ ಬರುವ ಹೊಗೆಯ ಎಳೆ ಪರಿಮಳ ಓವನ್ನಿನಲ್ಲಿ ಬಾರದು.

ತಪ್ಪಿದರೆ ಎಲ್ಲಿ ತಪ್ಪಿತು

ಸಾಬೂನಿನ ರುಚಿ, ಹಳದಿ ಬಣ್ಣ ಬಂದರೆ ಸೋಡಾ ಹೆಚ್ಚು ಅಥವಾ ಮೊಸರು ಸಿಹಿ. ಉಬ್ಬಲಿಲ್ಲವಲ್ಲ ಎಂದು ಮುಂದಿನ ಸಲ ಸೋಡಾ ಹೆಚ್ಚಿಸುವವರು ಬಹಳ. ದಯವಿಟ್ಟು ಹಾಗೆ ಮಾಡಬೇಡಿ, ಮೊಸರನ್ನು ಇನ್ನಷ್ಟು ಹುಳಿ ಮಾಡಿ. ಅಡಿಯಲ್ಲಿ ಹಸಿ ಪಟ್ಟಿ ಬಂದರೆ ಹಿಟ್ಟು ಕಾದು ಕುಳಿತಿತ್ತು ಅಥವಾ ಓವನ್ ಕಾದಿರಲಿಲ್ಲ. ಎಳೆದರೆ ರಬ್ಬರಿನಂತಾದರೆ ನಾದಿದ್ದೀರಿ. ತಟ್ಟೆಯ ಮೇಲೆ ದೋಸೆಯಂತೆ ಹರಡಿದರೆ ನೀರು ಹೆಚ್ಚು. ಹಿಟ್ಟು ಕಲಸಿದ ಮೇಲೆ ಕರೆಂಟು ಹೋದರೆ ಬರುವುದನ್ನು ಕಾಯದೆ ಕಾವಲಿ ಇಡಿ, ತಟ್ಟಿ ಫಾರ್ಲ್ ಮಾಡಿ. ಈ ಒಂದು ಕಾರಣಕ್ಕೇ ನಮ್ಮೂರಿನಲ್ಲಿ ಎರಡೂ ಬಗೆ ಕಲಿತಿರಬೇಕು.

ಒಣದ್ರಾಕ್ಷಿ ಒಂದು ಹಿಡಿ, ಸಕ್ಕರೆ ಒಂದು ದೊಡ್ಡ ಚಮಚ ಸೇರಿಸಿದರೆ ಅಲ್ಲಿನವರೇ ಹಬ್ಬಕ್ಕೆ ಮಾಡುವ ಇನ್ನೊಂದು ಬಗೆಯಾಗುತ್ತದೆ. ಬಾಳೆಹಣ್ಣು ಹಿಸುಕಿ ಹಾಕಿ ನೋಡಿದ್ದೇನೆ. ತಿರುಳು ಭಾರವಾಗಿ ಬೇಯದೆ ಉಳಿಯಿತು. ಹಣ್ಣಾದ ಬಾಳೆ ಬನ್ಸ್‌ಗೇ ಇರಲಿ.

ತಿನ್ನುವುದು, ಇಡುವುದು

ಮೊದಲ ದಿನ ಬೆಣ್ಣೆ ಸಾಕು. ನಮ್ಮ ಮನೆಯ ಹಿರಿಯರು ಜೋನಿಬೆಲ್ಲ, ತುಪ್ಪದ ಜೊತೆ ತಿನ್ನುತ್ತಾರೆ. ಮಕ್ಕಳಿಗೆ ಮಾವಿನಹಣ್ಣಿನ ಜಾಮ್ ಬೇಕು. ರಾತ್ರಿ ಊಟಕ್ಕಾದರೆ ಬಿಸಿ ಸಾರಿಗೋ ಕಡಲೆ ಗಸಿಗೋ ಅದ್ದಿ ತಿನ್ನಬಹುದು. ಬ್ರೆಡ್ಡಿನ ಹುಳಿಗೆ ಕಾಯಿರಸದ ಸಿಹಿ ಚೆನ್ನಾಗಿ ಕೂಡುತ್ತದೆ.

ಇದರಲ್ಲಿ ಎಣ್ಣೆ, ಬೆಣ್ಣೆಯ ಜಿಡ್ಡಿಲ್ಲ, ಕೆಡದಂತೆ ಇಡುವ ಯಾವ ರಾಸಾಯನಿಕವೂ ಇಲ್ಲ. ಹಾಗಾಗಿ ಎರಡನೆಯ ದಿನಕ್ಕೆ ಒಣಗುತ್ತದೆ, ನಮ್ಮ ಮಳೆಗಾಲದಲ್ಲಿ ಮೂರನೆಯ ದಿನಕ್ಕೆ ಬೂಸಲು ಬರುತ್ತದೆ. ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟರೆ ಒಂದೂವರೆ ದಿನ ನಿಶ್ಚಿಂತೆ. ಹೆಚ್ಚು ದಿನ ಬೇಕಾದರೆ ಪೂರ್ತಿ ಆರಿದ ಮೇಲೆ ಹೋಳು ಮಾಡಿ ಫ್ರೀಜರಿನಲ್ಲಿಡಿ, ತಿಂಗಳವರೆಗೆ ಉಳಿಯುತ್ತದೆ. ಹೊರಗೆ ತೆಗೆದ ಹೋಳನ್ನು ಕರಗಲು ಬಿಡದೆ ನೇರ ಕಾದ ಕಾವಲಿಗೆ ಹಾಕಿ, ಎರಡೂ ಬದಿಗೆ ತುಪ್ಪ ಸವರಿ, ಅಂಚು ಕೆಂಪಾಗುವವರೆಗೆ ಬಿಸಿ ಮಾಡಿ.